ದೊಡ್ಡವ್ವ ಆರಿಸಿಟ್ಟ ಎರಡು ಡಬ್ಬಿ

ನನ್ನ ಅಡುಗೆಮನೆಯ ವಹಿಯಲ್ಲಿ ನಾಲ್ಕು ಕಾಲಂಗಳಿದ್ದವು: ಸಾಮಾನು, ತಂದ ದಿನ, ಅವಧಿ ಮುಗಿಯುವ ದಿನ, ಎಷ್ಟು. ತೊಗರಿಬೇಳೆಯಿಂದ ಹಿಡಿದು ಶ್ಯಾವಿಗೆ ಪೊಟ್ಟಣದ ತನಕ ಎಲ್ಲಕ್ಕೂ ಒಂದೊಂದು ಸಾಲು. ಕಲಬುರಗಿಯ ನಮ್ಮ ಮನೆಗೆ ಬಂದವರ ಮುಂದೆ ಅವ್ವ, "ತಹಶೀಲ ಕಚೇರಿ ನಮ್ಮ ಮನ್ಯಾಗೇ ಅದರೀ, ನೀವೂ ಸಹಿ ಹಾಕಿ ಚಾ ಕುಡೀರಿ" ಎಂದು ನಗಾಡುತ್ತಿದ್ದಳು. ಆದರೆ ಕಡಲೆಹಿಟ್ಟು ತಂದು ಎಷ್ಟು ದಿನವಾಯಿತೆಂದು ಅನುಮಾನ ಬಂದರೆ ಕೇಳುವುದು ನನ್ನನ್ನೇ.

ಆ ವಹಿಯಲ್ಲಿ ಮಾರ್ಚ್ ಒಂಬತ್ತರ ಸಾಲು ಹೀಗಿದೆ: ಮಾವಿನ ರಸದ ಡಬ್ಬಿ, ಮುಗಿಯುವುದು ಮುಂದಿನ ವರ್ಷದ ಆಗಸ್ಟ್, ಹನ್ನೆರಡು. ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿ ಪೂಜೆ ಇಟ್ಟುಕೊಂಡಿದ್ದೆವು. ಹೊಸ ಮಾವು ಪೇಟೆಗೆ ಬಂದಿರಲಿಲ್ಲ. ಹೋಳಿಗೆಯ ಜೊತೆ ಸೀಕರಣಿ ಇರಲೇಬೇಕೆಂದು ಅಪ್ಪ ಡಬ್ಬಿ ತರಿಸಿದ್ದರು. ಆರು ಖರ್ಚಾದವು. ಉಳಿದ ಆರನ್ನು ನಾನೇ ಎತ್ತಿಟ್ಟು, ಹನ್ನೆರಡನ್ನು ಹೊಡೆದು ಹಾಕಿ ಪಕ್ಕದಲ್ಲಿ ಆರು ಎಂದು ಬರೆದೆ.

ನವೆಂಬರ್ ಕೊನೆಯ ವಾರ ಕಮಲಾಪುರದಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಫೋನ್ ಮಾಡಿದಳು. ಅವಳ ಮಗಳಿಗೆ ಏಳನೆಯ ತಿಂಗಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬಂದಿದ್ದಳು. ನಾನು ಅಕ್ಕ ಎಂದು ಕರೆಯುವ ಆಕೆಗೆ ಎರಡು ವರ್ಷದ ಹಿಂದೆ ಐದನೆಯ ತಿಂಗಳಲ್ಲಿ ಮಗು ಉಳಿದಿರಲಿಲ್ಲ. ಈ ಸಲ ಅವಳು ಬಾಯಿ ಬಿಟ್ಟು ಕೇಳಿದ್ದು ಒಂದನ್ನೇ.

"ಮಾವಿನ ಸೀಕರಣಿ ಅಂತಾಳವ್ವ, ಈ ಥಂಡ್ಯಾಗ! ನಾ ಎಲ್ಲಿಂದ ತರ್ಲಿ ಮಾವಿನಹಣ್ಣು?"

ನಾನು ವಹಿ ತೆರೆದೆ. "ದೊಡ್ಡವ್ವ, ಆರು ಡಬ್ಬಿ ಅದಾವ. ಇನ್ನೂ ಎಂಟು ತಿಂಗಳ ಮ್ಯಾಲ ಟೈಮ್ ಅದ" ಎಂದೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಮರುದಿನ ಕಮಲಾಪುರಕ್ಕೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಡಬ್ಬಿಗಳನ್ನು ಚೀಲಕ್ಕೆ ಹಾಕಿ ಕಳಿಸಿದೆ. ಧೂಳು ಒರೆಸಿದ್ದು ನೆನಪಿದೆ. ಒಂದೊಂದನ್ನೂ ತಿರುಗಿಸಿ ನೋಡಿದ್ದು ನೆನಪಿಲ್ಲ, ನೋಡಿರಲೂ ಇಲ್ಲ.

ಕುಬಸದ ದಿನ ಬೆಳಿಗ್ಗೆ, ವಹಿಯನ್ನೂ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೋದೆ. ದೊಡ್ಡವ್ವ ಕಣಕ ನಾದುತ್ತಿದ್ದವಳು ಕೈ ಒರೆಸಿಕೊಂಡು ನನ್ನನ್ನು ನೇರ ಒಳಕೋಣೆಗೆ ಕರೆದೊಯ್ದಳು. ಹಲಗೆಯ ಮೇಲೆ ನಾಲ್ಕು ಡಬ್ಬಿ ಒಂದು ಕಡೆ, ಎರಡು ಬೇರೆ ಕಡೆ.

"ಇವೆರಡು ನೋಡು, ಹೆಂಗ ಉಬ್ಬ್ಯಾವ! ಹೆಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ. ರಸ ಗಚ್ಚನ ತುಂಬ್ಯದ. ಇವು ನನ್ನ ಮಗಳಿಗೆ ಅಂತ ತಗದಿಟ್ಟೀನಿ. ಆ ಚಪ್ಪಟ ಡಬ್ಬಿ ಬೀಗರಿಗೆ ಸಾಕು."

ಉಬ್ಬುವುದೆಂದರೆ ಆ ಮನೆಯಲ್ಲಿ ಒಳ್ಳೆಯದು. ಉಬ್ಬಿದ ರೊಟ್ಟಿ ಬೆಂದ ರೊಟ್ಟಿ, ಉಬ್ಬಿದ ಪೂರಿ ಗೆದ್ದ ಪೂರಿ. ಐವತ್ತು ವರ್ಷ ಹೆಂಚಿನ ಮುಂದೆ ಕೂತವಳಿಗೆ ಡಬ್ಬಿ ಮಾತ್ರ ಉಬ್ಬಬಾರದೆಂದು ಯಾರು ಹೇಳಿದ್ದರು? ನನ್ನ ವಹಿಯಾದರೂ ಏನು ಹೇಳಿತ್ತು? ಮುಂದಿನ ಆಗಸ್ಟ್ ತನಕ ಚಿಂತೆಯಿಲ್ಲ ಎಂದಿತ್ತು.

ಹೆಬ್ಬೆರಳಿನಿಂದ ಮುಚ್ಚಳ ಒತ್ತಿದೆ. ಚಪ್ಪಟೆ ಡಬ್ಬಿಯ ಮುಚ್ಚಳ ಕೊಂಚ ಒಳಗೆ ತಗ್ಗಿತ್ತು, ಒತ್ತಿದರೆ ಅಲುಗಲಿಲ್ಲ. ಉಬ್ಬಿದ್ದು ಬೆರಳನ್ನು ತಿರುಗಿ ನೂಕಿತು. ಡಬ್ಬಿಗೆ ಅಂಟಿಸಿದ ಚೀಟಿಯ ಕೆಳತುದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಎರಡು ಸಾಲು: ಉಬ್ಬಿದ ಡಬ್ಬಿ ಬಳಸಬಾರದು, ತಂಪಾದ ಜಾಗದಲ್ಲಿ ಇಡಬೇಕು. ಅದೇ ಚೀಟಿಯಿಂದ ಮಾರ್ಚಿನಲ್ಲಿ ನಾನು ತಾರೀಖು ನಕಲು ಮಾಡಿಕೊಂಡಿದ್ದೆ.

"ದೊಡ್ಡವ್ವ, ಇವು ಕೆಟ್ಟಾವ. ಒಳಗ ರಸ ಕೆಟ್ಟು ಗಾಳಿ ಹುಟ್ಟ್ಯದ."

"ಹುಚ್ಚಿ, ತೂತು ಮಾಡಿ ಒಂದು ಹನಿ ನಾಲಿಗಿ ಮ್ಯಾಲ ಇಟ್ಟು ನೋಡಿದ್ರ ಆತು. ಹುಳಿ ಇದ್ರ ಚೆಲ್ಲೋಣು."

ಆಗಲೇ ಅವಳ ಕೈಯಲ್ಲಿ ಚಾಕು ಇತ್ತು. ಹಿಡಿದುಕೊಂಡೆ. "ಬ್ಯಾಡ. ಇದು ಮಜ್ಜಿಗಿ ಅಲ್ಲ, ರುಚಿ ನೋಡಿ ಹೇಳೋದಲ್ಲ. ಕೆಟ್ಟದ್ದಕ್ಕ ವಾಸನಿ, ರುಚಿ ಇರಲೇಬೇಕಂತಿಲ್ಲ."

ಗದ್ದಲ ಕೇಳಿ ಅಕ್ಕ ಬಾಗಿಲಿಗೆ ಬಂದು ನಿಂತಳು. ಹಸಿರು ಬಳೆ ಆಗಲೇ ಮೊಣಕೈ ತನಕ ತುಂಬಿದ್ದವು. ಎಲ್ಲ ಕೇಳಿಸಿಕೊಂಡು, ಆ ನಾಲ್ಕರ ಕಡೆ ಗದ್ದ ತೋರಿಸಿದಳು.

"ಆ ಚಪ್ಪಟ ಡಬ್ಬಿ?"

ಒಂದಕ್ಕೆ ಅಂಚಿನಲ್ಲಿ ನೆಗ್ಗು ಬಿದ್ದು ತುಕ್ಕು ಹತ್ತಿತ್ತು. ಉಳಿದ ಮೂರು ನೋಡಲು ಸರಿಯಿದ್ದವು.

"ಮೂರು ಸರಿ ಇದ್ದಂಗ ಕಾಣ್ತಾವ" ಎಂದೆ.

"ಕಾಣ್ತಾವ ಅಂದ್ರ? ನಿನ್ನ ವಹಿ ತಂದೀಯಲ್ಲ, ಅದ್ರಾಗ ಬರಿ, ಇವು ಚಲೋ ಅದಾವ ಅಂತ. ನೀ ಬರದ್ರ ನಾ ತಿಂತೀನಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ವಹಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ. 'ಮಾವಿನ ರಸ, ಮೂರು' ಎಂದು ಬರೆದೆ. ಮುಂದಿನ ಪದ ಬರಲಿಲ್ಲ. ಕೆಟ್ಟಿವೆ ಎಂದೂ ನನಗೆ ಗೊತ್ತಿಲ್ಲ, ಕೆಟ್ಟಿಲ್ಲ ಎಂದೂ ಗೊತ್ತಿಲ್ಲ. ನಾವು ನಾವೇ ಊಟ ಮಾಡುವ ದಿನವಾಗಿದ್ದರೆ ಬಹುಶಃ ಬರೆದುಬಿಡುತ್ತಿದ್ದೆ. ಪೆನ್ನು ಮುಚ್ಚಿದೆ.

"ಹಂಗಾರ ಬ್ಯಾಡ ಬಿಡು" ಎಂದಳು ಅಕ್ಕ.

ಆರನ್ನೂ ತೆರೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನಾಯಿ ದನಗಳ ಬಾಯಿಗೆ ಸಿಗದಂತೆ ಹಿತ್ತಲಲ್ಲಿ ಆಳವಾಗಿ ಹೂಳಿದೆ. ಕೈ ತೊಳೆದು ಬಂದರೆ ದೊಡ್ಡವ್ವ ಕಣಕದ ಬುಟ್ಟಿಯ ಮುಂದೆ ಕೈ ಹಚ್ಚದೆ ಕೂತಿದ್ದಳು.

"ಕಲಬುರಗ್ಯಾಗ ಎಂಟು ತಿಂಗಳು ಚಲೋ ಇದ್ದವು. ನನ್ನ ಮನಿಗೆ ಬಂದು ವಾರ ಆಗಿಲ್ಲ, ಉಬ್ಬಿದವು. ಕೂಸು ಹೋದ ಆ ಸಲಾನೂ ನನ್ನ ಕೈಯಾಗಿಂದೇ ತಿಂದಿದ್ಳು. ನನ್ನ ಕೈಗುಣಾನೇ ಹಿಂಗ, ತಂಗಿ."

ಅವಳು ಅದನ್ನು ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಆಗ ತಿಳಿಯಿತು.

"ದೊಡ್ಡವ್ವ, ಚಲೋ ಇದ್ದವು ಅಂತ ಯಾರು ಹೇಳಿದ್ರು? ನಾ ಒಂದ ದಿನಾನೂ ನೋಡಿಲ್ಲ. ಮ್ಯಾಲಿನ ಕೋಣ್ಯಾಗ ಇಟ್ಟಿದ್ದೆ. ಅದಕ್ಕ ಪತ್ರಾಸಿನ ಛತ್ತು. ಮೇ ತಿಂಗಳದಾಗ ಅಲ್ಲಿ ಮನುಷ್ಯಾರು ನಿಲ್ಲಂಗಿಲ್ಲ. ಅವು ಅಲ್ಲೇ ಕುದ್ದಾವ. ತಪ್ಪು ನಂದು."

ಪತ್ರಾಸಿನ ಛತ್ತೆಂದರೆ ತಗಡಿನ ಸೂರು. ಕಲಬುರಗಿಯ ಬಿಸಿಲಲ್ಲಿ ಅದರ ಕೆಳಗೆ ಏನಾಗುತ್ತದೆಂದು ದೊಡ್ಡವ್ವನಿಗೆ ವಿವರಿಸಬೇಕಾಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ವಹಿ ನೋಡಿದಳು.

"ಎಲ್ಲಾ ಬರೀತಿ. ಎಲ್ಲಿ ಇಟ್ಟಿ ಅನ್ನೋದು ಬರದಿಲ್ಲ?"

"ಇಲ್ಲ."

"ಭಾಳ ಶಾಣೆ ಇದ್ದಿ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನಗುವೋ ಅಳುವೋ ಅರ್ಥವಾಗಲಿಲ್ಲ. "ಏಳು. ಬಾಳಿಹಣ್ಣು ಸುಲಿ."

ಊರಿನ ಕೆಂಪು ಬಾಳೆಹಣ್ಣು ಹದಿನೆಂಟು ಸುಲಿದೆ. ಹಾಲು, ಬೆಲ್ಲ, ಏಲಕ್ಕಿ ಹಾಕಿ ದೊಡ್ಡವ್ವ ಕಿವುಚಿದಳು. ಊಟದ ಹೊತ್ತಿಗೆ ಬೀಗರ ಸಾಲಿಗೆಲ್ಲ ಸರಸರ ಬಡಿಸುತ್ತ ಬಂದವಳು ಮಗಳ ತಟ್ಟೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು. ಸೌಟು ನನ್ನ ಕಡೆ ಚಾಚಿ, "ನೀ ನೀಡು ತಂಗಿ" ಎಂದಳು.

ನಾನು ಕೈ ಮುಂದೆ ಮಾಡುವ ಮೊದಲೇ ಅಕ್ಕ ಅವಳ ಮಣಿಕಟ್ಟು ಹಿಡಿದು ತಟ್ಟೆಯ ಕಡೆ ಬಾಗಿಸಿದಳು. "ನೀನೇ ಹಾಕಬೇ ಯವ್ವ. ಇನ್ನೊಂದು ಸೌಟು."