ಸ್ಪ್ರಿಂಗಿನ ಎದುರಿಗೆ ನಿಲ್ಲಬಾರದು

ನಮ್ಮ ಕಾರು ಎಡಕ್ಕೆ ವಾಲುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ ತಾರಾ. ನನಗೆ ತಿಳಿಯುವ ಸಂಭವವೇ ಇರಲಿಲ್ಲ, ಏಕೆಂದರೆ ಕಾರಿನೊಳಗೆ ಕೂತಾಗ ನಾನೂ ಅದರ ಜೊತೆಗೇ ವಾಲಿರುತ್ತಿದ್ದೆ. ಈಚೆಗೆ ಜಗತ್ತು ನೆಟ್ಟಗಿಲ್ಲ ಎಂದು ಆಗಾಗ ಅನ್ನಿಸುತ್ತಿದ್ದುದೇನೋ ನಿಜ. ಅದು ಐವತ್ತು ದಾಟಿದವರಿಗೆಲ್ಲ ಅನ್ನಿಸುವುದೇ ಎಂದು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ನಿಂತು, ಸೊಂಟ ಹಿಡಿದವರನ್ನು ನೋಡುವ ಕನಿಕರದಿಂದ ಕಾರನ್ನು ನೋಡಿ, ಇದಕ್ಕೆ ಎಲ್ಲೋ ನೋವಿದೆ ಅಂದಳು. ಬಗ್ಗಿ ನೋಡಿದರೆ ಮುಂದಿನ ಎಡಚಕ್ರದ ಮೇಲಿನ ಸ್ಪ್ರಿಂಗು ಕೆಳಗಿನ ಸುತ್ತಿನಲ್ಲಿ ಮುರಿದಿತ್ತು.

ಮುರಿಯದೆ ಏನು ಮಾಡೀತು ಪಾಪ. ನಾನು ಅಂಕೋಲೆಯಿಂದ ಕಾರವಾರದ ಹೈಸ್ಕೂಲಿಗೆ ದಿನಾ ಹೋಗಿಬರುವ ಕನ್ನಡ ಮಾಸ್ತರ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಮ್ಮ ಹೆದ್ದಾರಿ ಹೇಗಿತ್ತೆಂದು ಅದರ ಮೇಲೆ ಓಡಾಡಿದ ಬೆನ್ನುಗಳಿಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲಂತೂ ನಾವು ರಸ್ತೆಯಲ್ಲಿ ಗುಂಡಿ ತಪ್ಪಿಸುತ್ತಿರಲಿಲ್ಲ, ಗುಂಡಿಗಳಲ್ಲಿ ರಸ್ತೆ ಹುಡುಕುತ್ತಿದ್ದೆವು. ಬಿಣಗಾ ಘಟ್ಟ ಇಳಿಯುವಾಗ ಕಾರು ಮಾಡುತ್ತಿದ್ದ ಸದ್ದಿಗೆ ನಾನು ರೇಡಿಯೋ ಜೋರು ಮಾಡಿ ಪರಿಹಾರ ಕಂಡುಕೊಂಡಿದ್ದೆ.

ಸ್ಪ್ರಿಂಗ್ ಬದಲಿಸುವುದು ದೊಡ್ಡ ಕೆಲಸವಲ್ಲ, ಗ್ಯಾರೇಜಿಗೆ ಬಿಟ್ಟು ಬಂದರಾಯಿತು ಎಂದು ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ತಾರಾ ಸುದ್ದಿಯನ್ನು ಫೋನಿನಲ್ಲಿ ಹಾರವಾಡದ ತನ್ನ ತವರಿಗೆ ಹೇಳಿಬಿಟ್ಟಿದ್ದಳು. ಸಂಜೆಯೊಳಗೆ ಅವಳ ಅಣ್ಣನಿಂದ ಅಪ್ಪಣೆ ಬಂತು: ಕಾರು ಎಲ್ಲಿಗೂ ಒಯ್ಯಬೇಡಿ, ಇಲ್ಲಿಗೆ ತನ್ನಿ, ನಾನೇ ಹಾಕುತ್ತೇನೆ.

ಈ ಅಣ್ಣ, ಅಂದರೆ ನನ್ನ ಭಾವ ಗಣಪತಿ, ಬಹಳ ವರ್ಷ ಮೀನುಗಾರಿಕೆ ದೋಣಿಯ ತಾಂಡೇಲನಾಗಿದ್ದವರು. ದೋಣಿಯಲ್ಲಿ ತಾಂಡೇಲನ ಮಾತಿಗೆ ಎದುರಿಲ್ಲ. ಯಾವಾಗ ಹೊರಡಬೇಕು, ಬಲೆ ಎಲ್ಲಿ ಬಿಡಬೇಕು, ಯಾವ ಮೋಡಕ್ಕೆ ಹೆದರಬೇಕು, ಎಲ್ಲ ಅವನೇ ಹೇಳಬೇಕು. ಹಿಂದೆಲ್ಲ ಮುಸ್ಸಂಜೆಗೆ ಅವರ ಜಗಲಿಗೆ ಬಂದು ನಾಳೆ ಗಾಳಿ ಹೇಗೆ ಎಂದು ಕೇಳುವವರ ಸಾಲೇ ಇರುತ್ತಿತ್ತು. ಮೊಣಕಾಲು ಕೈಕೊಟ್ಟು ದೋಣಿ ಬಿಟ್ಟ ಮೇಲೆ ಆ ಸಾಲು ನಿಂತಿತು. ಯಾರೂ ಅವರನ್ನು ಅಲಕ್ಷ್ಯ ಮಾಡಿದರೆಂದಲ್ಲ. ಕಡಲಿಗೆ ಹೋಗದವನನ್ನು ಕಡಲಿನ ಸುದ್ದಿ ಕೇಳುವುದು ಅವನನ್ನೇ ಚುಚ್ಚಿದಂತಾದೀತು ಎಂಬ ಮರ್ಯಾದೆಯಿಂದಲೇ ಜನ ದೂರ ಉಳಿದರು. ಮರ್ಯಾದೆಯೂ ಕೆಲವೊಮ್ಮೆ ಮನುಷ್ಯನನ್ನು ಒಂಟಿ ಮಾಡುತ್ತದೆ.

ಆಮೇಲೆ ಭಾವ ರಿಪೇರಿಗೆ ಇಳಿದರು. ಅಕ್ಕಪಕ್ಕದವರ ಪಂಪು, ಸೈಕಲ್ಲು, ಮಿಕ್ಸರು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದರು. ಹೆಚ್ಚಿನವನ್ನು ತಿರುಗಿ ಜೋಡಿಸಿದರು ಕೂಡ. ಅವರ ಕೈ ಒಳ್ಳೆಯದು. ಒಂದೇ ತೊಂದರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಕಾರಿನ ಸ್ಪ್ರಿಂಗ್ ಮಾತ್ರ ಪಂಪಿನಂಥ ಪ್ರಾಣಿಯಲ್ಲ. ಅದನ್ನು ಶಾಕ್ ಅಬ್ಸಾರ್ಬರಿನ ಮೇಲೆ ಕೂರಿಸಬೇಕಾದರೆ ಮೊದಲು ಒತ್ತಿ ಗಿಡ್ಡ ಮಾಡಬೇಕು. ಒತ್ತಿದ ಸ್ಪ್ರಿಂಗು ನೋಡಲು ಬಹಳ ಸಾಧು. ಅಲುಗುವುದಿಲ್ಲ, ಸದ್ದಿಲ್ಲ. ಆದರೆ ಇಡೀ ಕಾರಿನ ಮೂಲೆಯೊಂದನ್ನು ಹೊರುವ ಬಲವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿರುತ್ತದೆ. ಹಿಡಿತ ತಪ್ಪಿತೋ, ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ನಮ್ಮ ಕೂಡುಕುಟುಂಬಗಳಲ್ಲೂ ಇಂಥವರು ಇರುತ್ತಿದ್ದರು. ವರ್ಷಗಟ್ಟಲೆ ಎಲ್ಲದಕ್ಕೂ ಹೂಂ ಅನ್ನುತ್ತ, ಒಂದು ಮದುವೆ ಮನೆಯಲ್ಲಿ, ಹಪ್ಪಳ ಬಡಿಸಲು ಮರೆತ ನೆಪದಲ್ಲಿ ಸಿಡಿಯುವವರು. ಹಪ್ಪಳಕ್ಕೆ ಇಷ್ಟು ಸಿಟ್ಟೇ ಎಂದು ಜನ ಬೆರಗಾಗುತ್ತಾರೆ. ಸಿಟ್ಟು ಹಪ್ಪಳದ್ದಲ್ಲ.

ಸ್ಪ್ರಿಂಗನ್ನು ಒತ್ತಿ ಹಿಡಿಯುವುದಕ್ಕೆ ಕಂಪ್ರೆಸರ್ ಎಂಬ ಉಪಕರಣವಿದೆ. ಅದೆಲ್ಲ ಬೇಡ, ದೋಣಿ ಹಗ್ಗ ಸಾಕು ಎಂಬುದು ಭಾವನ ತೀರ್ಮಾನ. ತೂಫಾನಿನಲ್ಲಿ ದೋಣಿ ಹಿಡಿದ ನೈಲಾನ್ ಹಗ್ಗ ಒಂದು ಸ್ಪ್ರಿಂಗನ್ನು ಹಿಡಿಯದೇ ಎಂದು ಅವರು ಕೇಳಿದರೆ ಹಾರವಾಡದಲ್ಲಿ ಯಾರೂ ಇಲ್ಲ ಎನ್ನಲಾರರು. ಅಲ್ಲಿ ಹಗ್ಗದ ಮೇಲಿನ ನಂಬಿಕೆ ದೇವರ ಮೇಲಿನ ನಂಬಿಕೆಗಿಂತ ಒಂದು ಎಳೆ ಕಡಿಮೆ, ಅಷ್ಟೆ.

ನಾನು ಕಾರನ್ನು ಹಾರವಾಡಕ್ಕೆ ಒಯ್ದ ದಿನ, ಅದಕ್ಕೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಆಗಲಿ ಎಂದು ಅವರು ಯಾವುದೋ ಟೆಂಪೋದ ಹಳೆಯ ಸ್ಪ್ರಿಂಗು ತಂದರು. ಹಿತ್ತಿಲ ಮಾಡಿನ ತೊಲೆಗೆ ಆನಿಸಿ ಜಾಕಿನಿಂದ ಒತ್ತಿದರು. ಸುತ್ತಿಂದ ಸುತ್ತಿಗೆ ಹಗ್ಗ ಬಿಗಿದು, ನನಗೆ ಹೆಸರೂ ಗೊತ್ತಿಲ್ಲದ ಗಂಟು ಹಾಕಿ, ಜಾಕು ಇಳಿಸಿದರು. ಸ್ಪ್ರಿಂಗು ತಣ್ಣಗೆ ನಿಂತಿತು. ಭಾವ ನನ್ನ ಕಡೆ ನೋಡಿದ ನೋಟದಲ್ಲಿ ಬಹಳ ದಿನದ ಮೇಲೆ ತಾಂಡೇಲ ಕಂಡ. ನಾವು ಚಹಾ ಕುಡಿಯಲು ಜಗಲಿಗೆ ಬಂದೆವು. ಭಾವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಅಲ್ಲೇ ಹಿತ್ತಿಲಲ್ಲಿ ಮೆಟ್ಟುಗತ್ತಿಯ ಮುಂದೆ ಮೀನು ಕೊಯ್ಯುತ್ತಿದ್ದವರು, ನಮಗೆ ಚಹಾ ಕೊಡಲೆಂದು ಎದ್ದು ಒಳಗೆ ಬಂದರು.

ಲೋಟ ನನ್ನ ಕೈಗೆ ಬಂದಿತ್ತಷ್ಟೆ, ಹಿಂದುಗಡೆ ತೆಂಗಿನಕಾಯಿ ಬಿದ್ದಂಥ ಸದ್ದಾಯಿತು. ಹೋಗಿ ನೋಡಿದರೆ ಬಚ್ಚಲಮನೆಯ ಹಂಚಿನಲ್ಲಿ ಆಕಾಶ ಕಾಣುತ್ತಿತ್ತು. ಅತ್ತಿಗೆ ಕೂತಿದ್ದ ಜಾಗದಲ್ಲಿ ಮೆಟ್ಟುಗತ್ತಿ ಅಡ್ಡ ಬಿದ್ದಿತ್ತು, ಮೀನೆಲ್ಲ ಮಣ್ಣಾಗಿತ್ತು. ಹಗ್ಗ ಮಾತ್ರ ಎಲ್ಲೂ ಹರಿಯದೆ, ಗಂಟು ಬಿಚ್ಚದೆ, ಸಡಿಲವಾಗಿ ನೆಲದ ಮೇಲಿತ್ತು. ಬೆಕ್ಕೊಂದು ಮೀನಿನ ಕಡೆ ಬಂತು, ಅದನ್ನು ಯಾರೂ ಓಡಿಸಲಿಲ್ಲ.

ಹೊರಟು ನಿಂತಾಗ, ಇನ್ನು ಈ ಕೆಲಸ ಬೇಡವೆಂದು ಭಾವನಿಗೆ ಖಂಡಿತ ಹೇಳುವುದೆಂದು ನಿಶ್ಚಯಿಸಿದ್ದೆ. ಅತ್ತಿಗೆಗೆ ಅದು ನನ್ನ ಮುಖದಲ್ಲೇ ಕಂಡಿರಬೇಕು. ಕಾರಿನ ತನಕ ಬಂದರು.

"ಬೇಡ ಅಂತ ಮಾತ್ರ ಹೇಳ್ಬೇಡಿ ಮಾಸ್ತರ್ರೆ" ಅಂದರು. "ನೀವು ಹೇಳಿದ್ರೆ ಕೇಳ್ತ್ರು, ಬಿಟ್ಟೇ ಬಿಡ್ತ್ರು. ಮತ್ತೆ ಬೆಳಗಾದ್ರೆ ಜಗಲಿ ಮೇಲೆ ಕೂತ್ಕಂಡು ಸಮುದ್ರ ನೋಡ್ತ್ರು. ಅದ್ನ ನೋಡ್ಕಂಡಿರೂಕೆ ನನ್ನಿಂದ ಆಗೂದಿಲ್ಲ."

ಸ್ಪ್ರಿಂಗು ತನ್ನ ತಲೆ ಇದ್ದ ಜಾಗದಿಂದಲೇ ಹಾರಿಹೋಗಿದೆ ಎಂದು ಗೊತ್ತಿದ್ದೂ ಆ ಹೆಂಗಸು ಆಡಿದ ಮಾತು ಇದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದನ್ನು ನಾನು ವರ್ಷವರ್ಷವೂ ಎಂಟನೆಯ ಇಯತ್ತೆಗೆ ಗಾದೆಯೆಂದು ಕಲಿಸಿದ್ದೇನೆ. ಅದರ ಪರೀಕ್ಷೆ ಅಲ್ಲಿಯವರೆಗೆ ನನಗೇ ಬಂದಿರಲಿಲ್ಲ.

ಹಾಗಾಗಿ ಕನ್ನಡ ಮಾಸ್ತರನೊಬ್ಬ ಸ್ಪ್ರಿಂಗ್ ಕಂಪ್ರೆಸರ್ ಹುಡುಕುತ್ತ ಹೊರಟ. ಅಳತೆಗೆ ಬೇಕೆಂದು ಮುರಿದು ಬಿದ್ದಿದ್ದ ಸ್ಪ್ರಿಂಗಿನ ತುಂಡನ್ನು ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಅದು ಹೊರಗೆ ಬಂದಾಗ, ಮಕ್ಕಳಿಗೆ ಹೊಡೆಯುವುದಕ್ಕೆ ಈಗ ಇದೋ ಎಂದು ಗಣಿತದವರು ಕೇಳಿದರು. ವಿಜ್ಞಾನದವರು ಸ್ಪ್ರಿಂಗಿನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಎಷ್ಟು ಒತ್ತುತ್ತೇವೋ ಅಷ್ಟು ತಿರುಗಿ ಒತ್ತುತ್ತದೆ, ಸರಳ ಎಂದರು. ಒಪ್ಪಿದೆ. ಸೊಸೆಯಂದಿರ ವಿಷಯದಲ್ಲೂ ಇದು ಸರಳವೇ, ಅತ್ತೆಯಂದಿರಿಗೆ ಮಾತ್ರ ಯಾವ ಕಾಲಕ್ಕೂ ಅರ್ಥವಾಗಿಲ್ಲ.

ಕಾರವಾರದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಪಾಂಡುಬಾಬ ಎಂಬ ಹಿರಿಯರು ನನ್ನ ಮುಂದೆ ಮೂರು ಬಗೆ ಇಟ್ಟರು. ಮೊದಲನೆಯದು ಎರಡು ಉದ್ದ ಬೋಲ್ಟು, ತುದಿಯಲ್ಲಿ ಕೊಕ್ಕೆ. ಕೆಂಪು ಬಣ್ಣ ಬಳಿದು ಮಿಂಚುತ್ತಿತ್ತು. ನನ್ನ ತುಂಡಿಗೆ ಸಿಕ್ಕಿಸಿ ನೋಡಿದೆ. ಕೊಕ್ಕೆ ಸ್ಪ್ರಿಂಗನ್ನು ಹಿಡಿಯುತ್ತಿರಲಿಲ್ಲ, ಸುಮ್ಮನೆ ಅದರ ಹೆಗಲ ಮೇಲೆ ಕೈಯಿಟ್ಟಂತೆ ನಿಂತಿತ್ತು. ಬೆರಳಿಂದ ನೂಕಿದರೆ ಜಾರಿತು. ಕೊಕ್ಕೆಯ ಬುಡದಲ್ಲಿ ಬಣ್ಣದ ಕೆಳಗೆ ಬೆಸುಗೆಯ ಗಂಟು ಬೇರೆ ಕೈಗೆ ಹತ್ತುತ್ತಿತ್ತು. ಎರಡನೆಯದು ದೊಡ್ಡದು, ಗೋಡೆಗೆ ಬಿಗಿದು ನಿಲ್ಲಿಸುವಂಥದು. ಅದೇ ಎಲ್ಲಕ್ಕಿಂತ ಭದ್ರ ಎಂದರು ಪಾಂಡುಬಾಬ. ಆದರೆ ಭಾವನ ಮನೆಯ ಗೋಡೆ ಚಿರೆಕಲ್ಲಿನದು, ಉಪ್ಪುಗಾಳಿಗೆ ಉದುರುತ್ತಿರುವುದು. ಆ ಉಪಕರಣಕ್ಕಿಂತ ಮೊದಲು ಗೋಡೆಯೇ ಕೆಳಗೆ ಬರುತ್ತಿತ್ತು. ಮೂರನೆಯದಕ್ಕೆ ಮೇಲೆ ಕೆಳಗೆ ಎರಡೆರಡು ಉಗುರು. ಬೆಸುಗೆಯಿಲ್ಲ, ಒಂದೇ ಕಬ್ಬಿಣದಲ್ಲಿ ಬಡಿದು ಮಾಡಿದ್ದು. ಉಗುರು ಸುತ್ತನ್ನು ಹಿಡಿದ ಮೇಲೆ ಅಡ್ಡ ಒಂದು ಪಿನ್ನು ತೂರಿಸಿದರೆ ಸ್ಪ್ರಿಂಗು ಹೊರಗೆ ಜಾರುವ ಹಾಗೇ ಇಲ್ಲ. ಬೋಲ್ಟಿನ ಆಟೆಯೂ, ಅಂದರೆ ತಿರುಪಿನ ಗೆರೆಯೂ, ದಪ್ಪ.

ನೋಡಲು ಮಾತ್ರ ಕುರೂಪಿ. ಕೆಂಪು ಬಣ್ಣದ್ದೇ ಕಣ್ಣಿಗೆ ಚೆಂದವಾಗಿತ್ತು, ಮನಸ್ಸು ಮತ್ತೆ ಮತ್ತೆ ಅದರ ಕಡೆಗೇ ಹೋಗುತ್ತಿತ್ತು. ಯಾರು ಬಳಸುವುದು ಎಂದು ಪಾಂಡುಬಾಬ ಕೇಳಿದರು. ಈ ಪ್ರಶ್ನೆ ನನ್ನ ತಲೆಗೇ ಹೊಳೆದಿರಲಿಲ್ಲ. ಹಾರವಾಡದಲ್ಲಿ ಒಬ್ಬನ ಏಣಿ ಎಂದರೆ ಊರಿನ ಏಣಿ. ಮದುವೆಯ ಹಂಡೆ, ಬಾವಿಯ ಪಾತಾಳಗರಡಿ, ಎಲ್ಲವೂ ಕೇಳಿದವರ ಮನೆಗೆ ಹೋಗುತ್ತವೆ, ಕೇಳದವರ ಮನೆಗೂ ಹೋಗುತ್ತವೆ. ಈ ಉಪಕರಣವೂ ನಾಳೆ ಎಂಥೆಂಥವರ ಕೈಗೋ ಬೀಳುವುದು ಖಂಡಿತ. ಹಾಗೆಂದು ಹೇಳಿದೆ. ಪಾಂಡುಬಾಬ ಕೆಂಪು ಬಣ್ಣದ್ದನ್ನು ತಾವೇ ಎತ್ತಿ ಒಳಗಿಟ್ಟರು. ಜಾಣನ ಕೈಯಲ್ಲಿ ಎಲ್ಲ ಉಪಕರಣವೂ ಭದ್ರವೇ. ಅವಸರದವನ ಕೈಯಲ್ಲಿ ಭದ್ರವಾಗಿ ಉಳಿಯುವುದನ್ನು ಆರಿಸಬೇಕು ಎಂದು ನನಗೆ ಅಲ್ಲಿ ತಿಳಿಯಿತು.

ಆ ಕುರೂಪಿಯನ್ನೇ ಆರಿಸಿದ್ದಾಯಿತು, ಜೊತೆಗೆ ಒಂದು ಜೋಡಿ ಹೊಸ ಸ್ಪ್ರಿಂಗೂ ಕೊಂಡದ್ದಾಯಿತು, ಭಾವನಿಗೆ ಕೊಡುವುದು ಹೇಗೆ? ತೋಡೂರು, ಅಮದಳ್ಳಿ ದಾಟುವವರೆಗೂ ಬಗೆಬಗೆಯ ಪೀಠಿಕೆ ಕಟ್ಟಿದೆ. ಶಾಲೆಯಲ್ಲಿ ಬಹುಮಾನ ಬಂತು ಎನ್ನಲೇ, ಯಾರೋ ಇಟ್ಟುಕೊಳ್ಳಲು ಕೊಟ್ಟರು ಎನ್ನಲೇ. ಹಾರವಾಡ ಮುಟ್ಟಿದಾಗ ಒಂದೂ ನೆನಪಿಗೆ ಬರಲಿಲ್ಲ. ಡಬ್ಬಿಯನ್ನು ಹಾಗೇ ಭಾವನ ಮುಂದಿಟ್ಟೆ.

ಅವರು ಹೊರತೆಗೆದು ಬಹಳ ಹೊತ್ತು ತಿರುಗಿಸಿ ನೋಡಿದರು. ಪಿನ್ನು ತೂರಿಸಿದರು, ತೆಗೆದರು. ಆಮೇಲೆ ನನ್ನ ಕಡೆ ನೋಡದೆ, "ನಾ ಹಾಕಿದ ಗಂಟು ಬಿಚ್ಚಿತ್ತನಾ?" ಎಂದು ಕೇಳಿದರು. ಇಲ್ಲ ಅಂದೆ. ಹಗ್ಗ ಹರಿದಿತ್ತೇ ಎಂದರು. ಅದೂ ಇಲ್ಲ ಅಂದೆ.

"ಅಲೆ ಬಂದಾಗ ಹಗ್ಗ ಒಂಚೂರು ಹಿಗ್ಗಬೇಕು ಮಾಸ್ತರ" ಅಂದರು ಭಾವ. "ಹಿಗ್ಗದಿದ್ರೆ ದೋಣಿ ಕೊಂಡಿನೇ ಕಿತ್ಕಂಡು ಹೋತದೆ. ಅದು ಹಿಗ್ತು. ಅದ್ರ ಕೆಲ್ಸ ಅದು ಮಾಡ್ತು. ನಾನೇ ದಡದ ಮೇಲಿದ್ದೆ ಅಂಬುದ್ನ ಮರ್ತಿದ್ದೆ."

ಅಲ್ಲಿಯವರೆಗೆ ಆ ಮನುಷ್ಯ ದೋಣಿ ಬಿಟ್ಟದ್ದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿದವರಲ್ಲ. ಮಾತು ಕಲಿಸುವುದೇ ವೃತ್ತಿಯಾದ ನನಗೆ ಆಗ ಆಡಲು ಬಂದದ್ದು, ಚಹಾ ಕುಡಿಯೋಣ ಭಾವ, ಎಂಬುದೊಂದೇ.

ರವಿವಾರ ಬೆಳಿಗ್ಗೆ ಕೆಲಸ ನಡೆಯಿತು. ಹಂಚು ಹಾರಿಸಿದ ಸ್ಪ್ರಿಂಗಿನ ಕತೆ ಊರೆಲ್ಲ ಹಬ್ಬಿದ್ದರಿಂದ ನೋಡಲು ಬಂದವರು ಕಡಿಮೆಯಿರಲಿಲ್ಲ. ಭಾವ ಎಲ್ಲರನ್ನೂ ಪಕ್ಕಕ್ಕೆ ಸರಿಸಿದರು, ನನ್ನನ್ನಂತೂ ರಟ್ಟೆ ಹಿಡಿದೇ ಸರಿಸಿದರು. ಬೋಲ್ಟಿಗೆ ಗ್ರೀಸು ಹಚ್ಚಿ, ಪಾನಾ ಹಾಕಿ, ಈ ಕಡೆ ನಾಲ್ಕು ಸುತ್ತು, ಆ ಕಡೆ ನಾಲ್ಕು ಸುತ್ತು ಎಂದು ಸಮಸಮವಾಗಿ ಬಿಗಿದರು. ಹಳೆಯದು ಬಂತು, ಹೊಸದು ಕೂತಿತು. ಬಲಗಡೆಯದೂ ಅಷ್ಟೆ. ಕೊನೆಗೆ ಕಂಪ್ರೆಸರು ಕಳಚಿ ಕೈಗೆ ಬಂದಾಗ ಒಂದು ಸದ್ದೂ ಆಗಲಿಲ್ಲ. ಬಂದ ಜನಕ್ಕೆ ತೀರ ನಿರಾಸೆ. ಏನೂ ಆಗಲಿಲ್ಲವಲ್ಲ ಎಂದುಕೊಂಡು ಒಬ್ಬೊಬ್ಬರೇ ಮನೆಗೆ ಹೋದರು. ಒಳ್ಳೆಯ ಉಪಕರಣದ ದೋಷವೇ ಇದು, ಹೇಳಿಕೊಳ್ಳಲು ಒಂದು ಕತೆಯನ್ನೂ ಉಳಿಸುವುದಿಲ್ಲ. ನಮ್ಮ ಮನೆಗಳಲ್ಲಿ ಏನೂ ಆಗದೆ ಕಳೆದ ದಿನಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವೇ ಹೆಚ್ಚು ಇದ್ದಿರಬೇಕು.

ನಾನು ಎಣಿಸಿದಂತೆ ಕಂಪ್ರೆಸರು ಊರ ಸೊತ್ತಾಯಿತು. ಎಣಿಸದಿದ್ದುದು ಒಂದಾಯಿತು. ಭಾವ ಅದನ್ನು ಒಂಟಿಯಾಗಿ ಯಾರ ಮನೆಗೂ ಕಳಿಸಲಿಲ್ಲ. ಕೇಳಲು ಬಂದವರ ಬೈಕಿನ ಹಿಂದೆ ತಾವೂ ಕೂತು ಹೋಗುವರು. ಮೊಣಕಾಲು ಮಡಚಲು ಬಾರದ್ದರಿಂದ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಪಿನ್ನು ಹಾಕಿದೆಯಾ, ಎದುರಿಗೆ ಯಾರು ನಿಂತದ್ದು, ಈ ಕಡೆ ಜಾಸ್ತಿಯಾಯಿತು, ಆ ಕಡೆ ಬಿಗಿ ಎಂದು ಅಪ್ಪಣೆ ಕೊಡುವರು. ಶಾಲೆಯಿಂದ ಬರುವಾಗ ಅಂಥ ಒಂದು ಅಂಗಳದಲ್ಲಿ ಅವರನ್ನು ಕಂಡು ಕಾರು ನಿಲ್ಲಿಸಿದೆ. ಭಾವ ದೂರದಿಂದಲೇ ಕೈಯೆತ್ತಿ, ಈಗ ಮಾತಿಗೆ ಹೊತ್ತಿಲ್ಲ ಎಂಬಂತೆ ಮುಂದೆ ಹೋಗಲು ಸನ್ನೆ ಮಾಡಿದರು.

ಮರುವರ್ಷ ಕಾರಿನ ಹಿಂದಿನ ಸ್ಪ್ರಿಂಗುಗಳೂ ಕೂಗತೊಡಗಿದವು. ಕಂಪ್ರೆಸರಿನ ಧಣಿ ನಾನಲ್ಲವೇ ಎಂಬ ಠೀವಿಯಲ್ಲಿ ಹಾರವಾಡಕ್ಕೆ ಫೋನು ಮಾಡಿ, ಬರುವ ರವಿವಾರ ತರುತ್ತೇನೆ ಅಂದೆ. ಅತ್ತಿಗೆ ತಡೆದರು. ಈ ರವಿವಾರ ಆಗುವುದಿಲ್ಲವಂತೆ, ಯಾರದೋ ಜೀಪು ಮೊದಲು ಹೇಳಿಟ್ಟಿದೆಯಂತೆ, ಅದರ ಮುಂದಿನ ವಾರವೂ ಖಾತ್ರಿಯಿಲ್ಲವಂತೆ.

"ಅವ್ರಿಗೆ ಪುರ್ಸೊತ್ತೇ ಇಲ್ಲ ಮಾಸ್ತರ್ರೆ" ಅಂದರು.

ನಾನು ಆಗಲಿ, ಕಾಯುತ್ತೇನೆ ಅಂದೆ. ಅತ್ತಿಗೆ ಫೋನು ಇಡಲಿಲ್ಲ. ಪುರ್ಸೊತ್ತೇ ಇಲ್ಲ ಎಂದು ಇನ್ನೊಂದು ಸಲ ಹೇಳಿದರು. ನನಗೆ ಮೊದಲ ಸಲವೇ ಕೇಳಿಸಿತ್ತು. ಅದು ಅವರಿಗೂ ಗೊತ್ತಿತ್ತು. ಆ ಎರಡನೆಯ ಸಲದ್ದನ್ನು ಅವರು ಹೇಳಿದ್ದು ತಮ್ಮ ಕಿವಿಗೆ.