ಗದ್ದಲದೊಳಗೆ ಮಾತಾಡುತ್ತಿದ್ದ ತಮ್ಮ

ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ದೊಡ್ಡ ಮಾತುಗಾರ ಯಾರೆಂದು ಕೇಳಿದರೆ, ಹುಟ್ಟಿನಿಂದ ಕಿವಿ ಕೇಳದ ನನ್ನ ತಮ್ಮನನ್ನೇ ತೋರಿಸುತ್ತಿದ್ದರು. ಅವನು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದ. ಅಲ್ಲಿ ಮಗ್ಗಗಳು ಓಡುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಎಳೆ ಹರಿಯಿತು, ಚಹಾ ಬಂತು, ಮನೆಯಲ್ಲಿ ಜಗಳವಾಯಿತು, ಎಲ್ಲಕ್ಕೂ ಒಂದೊಂದು ಸನ್ನೆ. ಅದರಲ್ಲಿ ಅರ್ಧ ನನ್ನ ತಮ್ಮನೇ ಹುಟ್ಟಿಸಿದ್ದು. ಮಾಲಕರ ಹೊಟ್ಟೆಯನ್ನು ಗಾಳಿಯಲ್ಲಿ ಬರೆದು ತೋರಿಸಿದನೆಂದರೆ ಇಡೀ ಶೆಡ್ಡು ನಗುತ್ತಿತ್ತು. ಅವನು ಕಿವುಡ ಎಂಬುದು ಅಲ್ಲಿ ಯಾರ ನೆನಪಿನಲ್ಲೂ ಇರಲಿಲ್ಲ.

ನನ್ನ ನೆನಪಿನಲ್ಲಿತ್ತು. ನನ್ನ ಉದ್ಯೋಗವೇ ಅದು. ಅಂಗವಿಕಲರ ಹಕ್ಕಿನ ಕೆಲಸಕ್ಕೆ ಸೇರಿ, ಬಾದಾಮಿ, ಹುನಗುಂದ ಎಂದು ತಿರುಗುತ್ತ, ಮೀಸಲು ಹುದ್ದೆಗಳನ್ನು ಖಾಲಿ ಬಿಟ್ಟ ಅಧಿಕಾರಿಗಳ ಜೊತೆ ಗುದ್ದಾಡುವವಳು ನಾನು. ಊರವರಿಗೆಲ್ಲ ನೌಕರಿ ಕೇಳುವವಳು ಸ್ವಂತ ತಮ್ಮನನ್ನು ಮಗ್ಗದ ಮುಂದೆ ಬಿಡುವುದುಂಟೇ? ಹಟ ಹಿಡಿದು ಅರ್ಜಿ ಹಾಕಿಸಿದೆ. ಬಾಗಲಕೋಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ತಮ್ಮ ಮಾತ್ರ, ಮಗ್ಗ ಓಡುವಾಗ ನಡುಗುವ ಹಾಗೆ ಅಲ್ಲಿಯೂ ನೆಲ ನಡುಗುತ್ತದೆಯೇ ಎಂದು ಕೈಯಲ್ಲಿ ಕೇಳಿದ. ಹುಚ್ಚಪ್ಪಾ, ಅಲ್ಲಿ ಎಲ್ಲ ಶಾಂತವಾಗಿರುತ್ತದೆ ಎಂದು ನಾನೂ ಕೈಯಲ್ಲೇ ಹೇಳಿ ನಕ್ಕೆ.

ಶಾಂತವಾಗಿಯೇ ಇತ್ತು. ಶಾಂತವಾಗಿರುವ ಕಡೆ ಜನ ಬಾಯಲ್ಲಿ ಮಾತಾಡುತ್ತಾರೆ, ಅವರಿಗೆ ಕೈ ಬೇಕಾಗುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಸನ್ನೆ ಭಾಷೆ ಬಲ್ಲವರೊಬ್ಬರನ್ನು ಕೊಡಿ ಎಂದು ಮೇಲಧಿಕಾರಿಗಳ ಬೆನ್ನು ಹತ್ತಿದೆ. ಪರಿಶೀಲಿಸುತ್ತೇವೆ ಎಂದರು, ಇನ್ನೂ ಪರಿಶೀಲಿಸುತ್ತಲೇ ಇದ್ದಾರೆ. ಕೊನೆಗೆ, ಆಡಿದ ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪನ್ನು ಅವನ ಫೋನಿಗೆ ಹಾಕಿಕೊಟ್ಟೆ. ಇಂಥವು ಕನ್ನಡದಲ್ಲಿ ಬರಬೇಕೆಂದು ಸಭೆಗಳಲ್ಲಿ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬಳು. ಬಂದದ್ದೇನೋ ಬಂತು, ಪುಸ್ತಕದ ಕನ್ನಡ ಕಲಿತು ಬಂತು. ನಮ್ಮ ಕಡೆಯ ಮಾತು ಅದರ ತಲೆಗೆ ಹತ್ತುವುದೇ ಇಲ್ಲ.

ಕಳೆದ ತಿಂಗಳು ಅವನ ಕಚೇರಿಗೆ ಹೋಗಿದ್ದೆ. ಪಕ್ಕದ ಮೇಜಿನವರು ಬಾಯಿತುಂಬ ಹೊಗಳಿದರು. "ನಿಮ್ಮ ತಮ್ಮ ಭಾಳ ಛಲೋ ಮನಶ್ಯಾರೀ ಅಕ್ಕಾರ. ಏನ್ ಹೇಳಿದ್ರೂ ಹೂಂ ಅಂತ ತಲಿ ಅಲ್ಲಾಡಸ್ತಾನ. ಒಂದ ದಿನಾ ಇಲ್ಲ ಅಂದಿಲ್ಲ ನೋಡ್ರಿ."

ಶೆಡ್ಡಿನಲ್ಲಿ ಎಲ್ಲದಕ್ಕೂ ಎದುರುತ್ತರ ಕೊಡುತ್ತಿದ್ದವನು ಅವನು. ನೌಕರಿ ಕೊಡಿಸಲು ಹೋಗಿ ಅವನ ಮಾತನ್ನೇ ಕಿತ್ತುಕೊಂಡೆನಲ್ಲ ಎನ್ನಿಸಿತು.

ಅವನನ್ನು ಹೊರಗೆ ಚಹಾದಂಗಡಿಗೆ ಕರೆದುಕೊಂಡು ಹೋದೆ. ಶೆಡ್ಡಿಗೆ ಮರಳುವ ಮನಸ್ಸಿದ್ದರೆ ಹೇಳಲಿ, ಅವ್ವನನ್ನು ನಾನು ಒಪ್ಪಿಸುತ್ತೇನೆ ಎಂದು ನಿರ್ಧಾರ ಗಟ್ಟಿ ಮಾಡಿಕೊಂಡು ಬೆಂಚಿನ ಮೇಲೆ ಕೂತು ಕೈ ಎತ್ತಿದೆ. ಅವನು ನನ್ನ ಕೈ ನೋಡಲಿಲ್ಲ. ಕಚೇರಿಯ ರೂಢಿಯಂತೆ ಫೋನು ತೆಗೆದು ನನ್ನ ಬಾಯಿಯ ಮುಂದೆ ಹಿಡಿದ.

"ಶೆಡ್ಡಿಗೆ ಹೊಳ್ಳಿ ಹೋಗ್ತೀಯೇನೋ ತಮ್ಮಾ?" ಎಂದೆ.

ಫೋನಿನಲ್ಲಿ, "ಸಂಡೇ ಹೊಳೆಗೆ ಹೋಗ್ತೀಯೇನೋ ತಮ್ಮ" ಎಂದು ಮೂಡಿತು.

ಅವನು ಅದನ್ನು ಓದಿದ. ನನ್ನ ಮುಖ ನೋಡಿ ಮುಗುಳ್ನಕ್ಕು, ಹೂಂ ಎಂದು ತಲೆಯಾಡಿಸಿದ.