ಮೂರು ಸೀರೆಯ ಕಾಡು

ಸೀರೆ ಹಿಂಡಲು ಎರಡು ಕೈಯೂ ಬೇಕು. ಹಲಸೂರಿನ ನಮ್ಮ ವಠಾರದ ತಾರಸಿಯಲ್ಲಿ ಮೂರನೆಯ ಸೀರೆಯನ್ನು ಅರ್ಧ ಹಿಂಡಿದ್ದಾಗ ಫೋನು ಬಂದದ್ದರಿಂದ, ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಮಾತಾಡಬೇಕಾಯಿತು. ಕರೆ ಮಾಡಿದವರು ಮಗಳು ಪೂರ್ವಿಯ ಯುಕೆಜಿ ಮಿಸ್ಸು. ಶನಿವಾರಗಳಂದು ತಾಯಂದಿರು ಒಬ್ಬೊಬ್ಬರಾಗಿ ತರಗತಿಗೆ ಹೋಗಿ ಮಕ್ಕಳಿಗೆ ಏನಾದರೊಂದು ವಿಷಯ ಹೇಳುವ ಪದ್ಧತಿ ಅವರ ಶಾಲೆಯಲ್ಲಿದೆ. ಈ ವಾರ ಮಳೆಕಾಡಿನ ಮರಗಳು ತಲೆ ಸೇರಿಸಿ ಹಾಕಿಕೊಳ್ಳುವ ಚಪ್ಪರದ ಕಥೆ ನನ್ನ ಪಾಲಿಗೆ ಬಂದಿತ್ತು.

"ಬೇಜಾರ್ ಮಾಡ್ಕೋಬೇಡಿ ಮೇಡಮ್. ಕಾಡಿನ ಕಥೆ ಇನ್ನೊಬ್ರು ಪೇರೆಂಟ್ ಪ್ರೊಜೆಕ್ಟರ್ ಇಟ್ಟು ಇಂಗ್ಲಿಷಲ್ಲಿ ಹೇಳ್ತಾರಂತೆ. ನೀವು ಚಕ್ಕುಲಿ ಮಾಡ್ಕೊಂಡ್ ಬಂದ್ಬಿಡಿ, ಸಾಕು."

ಹೂಂ ಎಂದೆ. ಎದೆಯನ್ನು ಕೇಳುವ ಮೊದಲೇ ಬಾಯಿ ಹೂಂ ಎಂದುಬಿಡುವ ಅಭ್ಯಾಸ ನಿಮಗೂ ಇದ್ದೀತು. ಆದರೆ ಪೂರ್ವಿ ವಾರದಿಂದ ತರಗತಿಗೆಲ್ಲ ಸಾರಿದ್ದಳು, 'ನಮ್ಮಮ್ಮ ಕಾಡು ತೋರಿಸ್ತಾಳೆ' ಎಂದು. ಚಕ್ಕುಲಿಯನ್ನೇ ಕಾಡೆಂದು ಅವಳಿಗೆ ಹೇಗೆ ನಂಬಿಸಲಿ?

ನಾನು ಕಾಡು ಕಾಣದವಳೇನಲ್ಲ. ಹರಕೆ ತೀರಿಸಲು ಸುಬ್ರಹ್ಮಣ್ಯಕ್ಕೆ ಹೊರಟಿದ್ದಾಗ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತ್ತು. ನೆತ್ತಿಯ ಮೇಲೆ ಎಲ್ಲೋ ಮಳೆಯ ಸದ್ದು, ಮೈಮೇಲೆ ಒಂದು ಹನಿಯಿಲ್ಲ. ಮಳೆ ನಿಂತು ಎತ್ತರದಲ್ಲಿ ಬಿಸಿಲು ಮಿನುಗಿದ ಮೇಲೆ ಶುರುವಾಯಿತು ತೊಟತೊಟ. ಮಳೆ ನಿಂತರೂ ಮರದ ಹನಿ ನಿಲ್ಲದೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದವಳು ಅಂದು ಅದರಲ್ಲೇ ನೆನೆದೆ. ಅದನ್ನು ಹೇಳಲು ಗೋಡೆಯ ಮೇಲೆ ಚಿತ್ರ ಓಡಲೇಬೇಕೇ?

ಮಧ್ಯಾಹ್ನ ಪೂರ್ವಿಯನ್ನೂ ವಠಾರದ ನಾಲ್ಕು ಮಕ್ಕಳನ್ನೂ ತಾರಸಿಗೆ ಕರೆದೆ. ದಪ್ಪ ಹಸಿರು ಸೀರೆಯನ್ನು ಎಲ್ಲಕ್ಕಿಂತ ಎತ್ತರದ ಹಗ್ಗಗಳ ಮೇಲೆ ಅಗಲಕ್ಕೆ ಹರಡಿ, ಅದರ ಕೆಳಗೆ ಇನ್ನೆರಡನ್ನು ಒಂದರಡಿ ಒಂದು ಕಟ್ಟಿ, ಎಲ್ಲರನ್ನೂ ಒಳಗೆ ತೂರಿಸಿದೆ.

"ಆಂಟಿ, ಇಲ್ಲಿ ಕತ್ಲೆ!" ಎಂದಳು ಪಕ್ಕದ ಮನೆಯ ಸೆಲ್ವಿ.

"ಕಾಡಿನ ನೆಲಾನೂ ಹಿಂಗೇ ಕಣೇ. ಬಿಸಿಲೆಲ್ಲ ಮೇಲಿನೋರೇ ಕುಡಿದ್ಬಿಡ್ತಾರೆ. ಹೂವು, ಹಣ್ಣು, ಮಂಗ, ಹಕ್ಕಿ ಎಲ್ಲಾ ಅಲ್ಲೇ. ಕೆಲವು ಜೀವ ನೆಲಕ್ಕೆ ಕಾಲೇ ಇಡಲ್ಲ."

"ಸೊಕ್ಕು!" ಎಂದಳು ಪೂರ್ವಿ.

ನೀರಿನ ಟ್ಯಾಂಕಿನ ಏಣಿ ಹತ್ತಿ ಚೆಂಬಿನಿಂದ ನೀರು ಸುರಿದೆ. ಕೆಳಗೆ ಐದು ಮುಖಗಳು ಬಾಯಿ ತೆರೆದು ಕಾದವು. ನೀರು ಒಂದು ಸೀರೆಯಿಂದ ಇನ್ನೊಂದಕ್ಕೆ ಇಳಿದು ಮೊದಲ ಹನಿ ಸೆಲ್ವಿಯ ಮೂಗಿನ ಮೇಲೆ ಬೀಳುವಷ್ಟರಲ್ಲಿ ನನ್ನ ಚೆಂಬು ಖಾಲಿಯಾಗಿತ್ತು. ಹನಿ ಮಾತ್ರ ನಿಲ್ಲಲಿಲ್ಲ, ಕಿರುಚಾಟವೂ.

"ಕೆಳಗಿರೋ ಪುಟ್ಟ ಗಿಡ ಪಾಪ ಅಲ್ವಾ ಆಂಟಿ?" ಎಂದಳು ಸೆಲ್ವಿ.

"ಪಾಪ ಯಾಕೆ? ಕಾಯ್ತಾ ಇರುತ್ತೆ. ದೊಡ್ಡ ಮರ ಒಂದು ಬಿತ್ತು ಅಂದ್ರೆ ಬೆಳಕು ಬರುತ್ತೆ, ಆಗ ಸರಸರ ಬೆಳೆಯುತ್ತೆ."

"ಯಾಕ್ ಕಾಯ್ಬೇಕು?" ಎಂದವಳೇ ಪೂರ್ವಿ, ಇಳಿಬಿದ್ದಿದ್ದ ಹಸಿರು ಸೀರೆಯ ಅಂಚನ್ನು ಹಿಡಿದು ಜಗ್ಗಿದಳು. ಕ್ಲಿಪ್ಪುಗಳು ಪಟಪಟ ಹಾರಿ, ಸೀರೆ ಕೆಳಗಿನೆರಡನ್ನೂ ಪಕ್ಕಕ್ಕೆ ತಳ್ಳಿಕೊಂಡು ಜಾರಿತು. ಬಿಸಿಲು ಧೊಪ್ಪೆಂದು ಅವಳ ನೆತ್ತಿಯ ಮೇಲೆ ಬಿತ್ತು.

ದಿನವೂ ದೀಪ ಹಚ್ಚುವಾಗ ದೇವರು ಕೊಟ್ಟದ್ದನ್ನು ಎಣಿಸುವವಳು ನಾನು. ಅಂದು ತಾರಸಿಯಲ್ಲಿ ನಿಂತೇ ಎಣಿಸಿದೆ: ಮೋಡವಿಲ್ಲದ ದಿನ, ತುಂಬಿದ ಟ್ಯಾಂಕು, ಗದ್ದಲಕ್ಕೆ ಗದರದ ಮನೆ ಓನರಮ್ಮ, ಜಗ್ಗಲು ಹೆದರದ ಮಗಳು. ಆದರೆ ಕೊಟ್ಟದ್ದಕ್ಕೆ ಕೈಮುಗಿಯುವುದು ಬೇರೆ, ಜನ ಕಿತ್ತುಕೊಂಡದ್ದಕ್ಕೆ ಹೂಂ ಎನ್ನುವುದು ಬೇರೆ. ಇಷ್ಟು ವರ್ಷ ಎರಡನ್ನೂ ಭಕ್ತಿಯೆಂದೇ ತಿಳಿದಿದ್ದೆ. ಫೋನು ಎತ್ತಿಕೊಂಡೆ.

"ಮಿಸ್, ನಾನು ಚಕ್ಕುಲಿ ತರಲ್ಲ. ಮೂರು ಸೀರೆ, ಹಗ್ಗ, ಒಂದು ಚೆಂಬು ತರ್ತೀನಿ. ಪ್ರೊಜೆಕ್ಟರ್ ಆದ್ಮೇಲೆ ಹತ್ತು ನಿಮಿಷ ಕೊಡಿ."

"ಅಯ್ಯೋ, ಕ್ಲಾಸೆಲ್ಲ ಒದ್ದೆ ಆಗುತ್ತಲ್ಲ ಮೇಡಮ್?"

"ನಾನೇ ಒರೆಸ್ಕೊಡ್ತೀನಿ."

"ಕೇಳಿ ಹೇಳ್ತೀನಿ ಮೇಡಮ್."

"ಕೇಳಿ ಮಿಸ್. ನಾನಂತೂ ಬರ್ತೀನಿ."

ಪೂರ್ವಿ ನನ್ನನ್ನೇ ನೋಡುತ್ತಿದ್ದಳು. ತಾರಸಿಯ ಧೂಳು ಮೆತ್ತಿದ್ದ ಹಸಿರು ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿ ಜಾಲಿಸಿದೆ. ಈ ಸಲ ಫೋನನ್ನು ದೂರ ಗೋಡೆಯ ಮೇಲಿಟ್ಟು, ಎರಡೂ ಕೈಯಿಂದ ಬಲವಾಗಿ ಹಿಂಡಿದೆ.